ಬೆಳ್ಳಿಯ ಕಣಕ್ಕೆ ಅತ್ತೆಯ ಕರಿಬೇವು

ಕೆಲಸ ಕೆಟ್ಟರೆ ತಪ್ಪನ್ನು ಯಾರ ತಲೆಗೆ ಕಟ್ಟುವುದು ಎಂದು ಮೊದಲೇ ಯೋಚಿಸಿಡುವ ಪೈಕಿ ನಾನು. ಕುವೈತಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಟೆಸ್ಟ್ ಟ್ಯೂಬ್ ತೊಳೆದು ಕಲಿತ ವಿದ್ಯೆ ಇದೊಂದೇ. ಡಾಕ್ಟರುಗಳ ಸಂಶೋಧನೆಯ ಪೇಪರುಗಳು ಎಷ್ಟೋ ಅಚ್ಚಾದವು. ನನ್ನ ಹೆಸರು ಅಚ್ಚಾದದ್ದು ಇಲ್ಲಿರಲು ಕೊಡುವ ಪರವಾನಗಿ ಚೀಟಿ ಇಕಾಮಾದಲ್ಲಿ ಮಾತ್ರ.

ಹೀಗಿರುವಾಗ ನಮ್ಮ ಈಜಿಪ್ಟಿನ ಡಾಕ್ಟರು ಸೊಪ್ಪಿನ ಕಷಾಯಕ್ಕೆ ಬೆಳ್ಳಿಯ ದ್ರಾವಣ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಮಾಡಲು ಹೊರಟರು. ಮುಂದೆಂದಾದರೂ ಗಾಯದ ಮುಲಾಮಿಗೆ ಆಗಬಹುದಂತೆ. “ಕೀಟನಾಶಕ ಹೊಡೆಯದ ಒಂದೇ ಮರದ ಕರಿಬೇವು ಬೇಕು. ಕೊಟ್ಟವರ ಹೆಸರು ಪೇಪರಿನ ಕೊನೆಗೆ ಹಾಕುತ್ತೇನೆ” ಎಂದರು. ಅಂದೇ ರಿಗ್ಗೈ ಬಡಾವಣೆಯ ಮನೆಗೆ ಬಂದವಳು ಕಾರ್ಕಳದ ಅತ್ತೆಗೆ ಫೋನು ಮಾಡಿದೆ: ಬಾವಿಕಟ್ಟೆಯ ಮರದ ಎಲೆ ಒಣಗಿಸಿ, ಪುಡಿ ಮಾಡಿ, ಊರಿಂದ ಬರುವವರ ಕೈಯಲ್ಲಿ ಕಳಿಸಿ, ಮದ್ದಿನ ಕೆಲಸಕ್ಕೆ.

ಪುಡಿ ಬಂತು. ಒಂದು ಚಿಟಿಕೆ ಬಾಯಿಗೆ ಹಾಕಿದ್ದರೆ ಎಲ್ಲ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಆದರೆ ಲ್ಯಾಬಿನ ವಸ್ತುವಿನ ರುಚಿ ನೋಡಬಾರದೆಂದು ವಿದ್ಯಾರ್ಥಿಗಳಿಗೆ ದಿನಾ ಬೈಯುವವಳು ನಾನೇ. ಕುದಿಸಿ, ಸೋಸಿ, ಬೆಳ್ಳಿಯ ದ್ರಾವಣ ಹನಿಸಿದೆವು. ನಿಧಾನಕ್ಕೆ ಕಂದು ಬಣ್ಣ ಬರಬೇಕಿತ್ತು. ಹಾಲು ಒಡೆದ ಹಾಗೆ ತಕ್ಷಣ ಬೆಳ್ಳಗಾಯಿತು. ಡಾಕ್ಟರು ಕನ್ನಡಕ ತೆಗೆದು, “ಇದರಲ್ಲಿ ಉಪ್ಪಿದೆ. ಖಲಾಸ್” ಎಂದರು.

“ಅತ್ತೆ, ಪುಡಿಗೆ ಉಪ್ಪು ಹಾಕಿದ್ರಾ?”

“ಸ್ವಲ್ಪ. ಉಪ್ಪಿಲ್ಲದೆ ತಿನ್ನುದು ಹೇಗೆ ಮಾರಾಯ್ತಿ?”

“ತಿನ್ಲಿಕ್ಕಲ್ಲ ಅದು, ಮದ್ದಿಗೆ.”

“ಮದ್ದು ಮತ್ತೆ ತಿನ್ನುದಲ್ವಾ? ಬೆಳ್ಳುಳ್ಳಿ ಹಾಕ್ಲಿಲ್ಲ ನೋಡು, ನಿನ್ನ ಡಾಕ್ಟರಿಗೆ ಆಗ್ತದೋ ಇಲ್ವೋ ಅಂತ.”

ಎರಡನೇ ಸಲ ಬರೀ ಎಲೆ ಬಂತು. ಡಬ್ಬಿಯ ಮೇಲೆ ಎಲೆ ಕೊಟ್ಟವರ ಹೆಸರು ಬರೆಯಲು ಡಾಕ್ಟರು ಹೇಳಿದರು. ಪೆನ್ನು ಹಿಡಿದು ಯೋಚಿಸಿದೆ: ನನ್ನ ಹೆಸರು ಬರೆದು ಇದೂ ಒಡೆದರೆ? ಜಾಣೆಯಲ್ಲವೇ, ಅತ್ತೆಯ ಹೆಸರನ್ನೇ ಊರಿನ ಸಮೇತ ದಪ್ಪಕ್ಷರದಲ್ಲಿ ಬರೆದೆ: ಗಿರಿಜಾ ಶೆಡ್ತಿ, ಕಾರ್ಕಳ.

ದ್ರಾವಣ ಕಂದು ಬಣ್ಣಕ್ಕೆ ತಿರುಗಿತು. ಎಷ್ಟು ಚಂದದ ಕಂದು ಎಂದರೆ ಡಾಕ್ಟರು ಇಡೀ ಲ್ಯಾಬಿಗೆ ಚಹಾ ತರಿಸಿದರು. ಕೆಲವು ತಿಂಗಳಲ್ಲಿ ಪೇಪರು ಅಚ್ಚಾಯಿತು. ಕೊನೆಯಲ್ಲಿ ಕೃತಜ್ಞತೆ, ಡಬ್ಬಿಯಲ್ಲಿದ್ದ ಹಾಗೆಯೇ: ಗಿರಿಜಾ ಶೆಡ್ತಿ, ಕಾರ್ಕಳ.

ಆ ಪುಟವನ್ನು ನಾನೇ ಅತ್ತೆಗೆ ವಾಟ್ಸಾಪ್ ಮಾಡಿದೆ. ಅವರು ಪಕ್ಕದ ಮನೆಯ ಟೀಚರ ಹತ್ತಿರ ಓದಿಸಿಕೊಂಡು ಫೋನು ಮಾಡಿದರು.

“ನಿನ್ನ ಹೆಸರು ಎಲ್ಲುಂಟು? ಟೀಚರಿಗೆ ಸಿಗ್ಲಿಲ್ಲ.”

“ಇಲ್ಲ ಅತ್ತೆ.”



“ಬೇಜಾರು ಮಾಡ್ಬೇಡ. ಡಾಕ್ಟರ ನಂಬರು ಕಳ್ಸು, ನಾನೊಂದು ಮಾತು ಹೇಳಿ ನೋಡ್ತೇನೆ.”

ಕಳಿಸಿದ್ದೇನೆ.