ಪಟ್ಟಿ ಮಾಡೂ ಮಷೀನು, ಪಟ್ಟಿ ಮಾಡೂ ನಾನು

ಕಟ್ಟಡದ ಕೆಲಸದಾಗ ಸಿಮೆಂಟ್ ಕಡಿಮಿ ಬೀಳಬಹುದು, ಉಸುಕು ಕಡಿಮಿ ಬೀಳಬಹುದು, ನಗಲಿಕ್ಕೆ ಕಾರಣ ಮಾತ್ರ ಎಂದೂ ಕಡಿಮಿ ಬಿದ್ದಿಲ್ಲ ನೋಡ್ರಿ. ಪುಣೆ ಸುತ್ತಮುತ್ತ ಹನ್ನೆರಡು ವರ್ಷ ಸೈಟ್ ಇಂಜಿನಿಯರ್ ಆಗಿ ಬಿಸಲಾಗ ನಿಂತೆ, ಆಮ್ಯಾಲೆ ಅಲ್ಲೇ ಮಗರಪಟ್ಟಾದ ಎ.ಸಿ. ಆಫೀಸಿನ್ಯಾಗ ಕೂತೆ. ಎರಡೂ ಕಡೆ ನನ್ನ ಹಣೇಬರಹ ಒಂದ.

೧. ಸಹಿ ಮಾಡಿದ ಫರಸಿ

ತೊಂಬತ್ತರ ದಶಕದ ಮಾತು. ಬಿಬವೇವಾಡಿಯೊಳಗ ಒಂದು ಅಪಾರ್ಟ್‌ಮೆಂಟ್ ಕಟ್ಟಲಿಕ್ಕೆ ಹತ್ತಿದ್ವಿ. ಪದ್ಧತಿ ಏನಂದ್ರ, ನೆಲಕ್ಕ ಯಾವ ಫರಸಿ ಹಾಕೋದಿದ್ರೂ ಮೊದಲು ಒಂದು ಸ್ಯಾಂಪಲ್ ಆರ್ಕಿಟೆಕ್ಟರಿಗೆ ತೋರಿಸಬೇಕು. ಅವರು ಒಪ್ಪಿ ಅದರ ಹಿಂದ ಸಹಿ ಮಾಡಿ ಕೊಡತಾರ. ಕೆಲಸ ಮುಗಿಯೂತನಕ ಅದನ್ನ ಜೋಪಾನ ಇಡಬೇಕು. ಫರಸಿ ಕೂಡಸೂ ನಮ್ಮ ಗೌಂಡಿ ಯಾದಗಿರಿ ಕಡೆಯಾಂವ, ಕೈ ಭಾಳ ಚೊಕ್ಕ. ಎಲ್ಲಾ ಮುಗಿದ ದಿನ ಆರ್ಕಿಟೆಕ್ಟ್ ಬಂದು ಬಚ್ಚಲದಾಗ ನಿಂತು, "ಸ್ಯಾಂಪಲ್ ತರ್ರಿ, ಹೊಂದಿಸಿ ನೋಡೋಣು," ಅಂತ ಮರಾಠಿಯೊಳಗ ಕೇಳಿದ್ರು. ಸ್ಟೋರ್ ತುಂಬ ಹುಡುಕಿದೆ. ಇಲ್ಲ!

ಗೌಂಡಿ ನಿಧಾನಕ್ಕೆ ನನ್ನ ಕಿವ್ಯಾಗ ಅಂದ: "ಅಲ್ಲೇ ಅದ ರೀ, ಸಾಹೇಬ್ರ ಕಾಲಬುಡಕ. ಒಂದು ಕಮ್ಮಿ ಬಿದ್ದಿತ್ತು."

"ಅಯ್ಯೋ, ಮತ್ತ ಸಹಿ?"

"ಕೆಳಗ ಅದ ರೀ. ಇನ್ನ ಯಾರೂ ಅಳಸಂಗಿಲ್ಲ."

೨. ಐತವಾರದ ಅಪ್ಪ

ಎರಡು ಸಾವಿರ ಇಸವಿ ದಾಟಿ ಮಗರಪಟ್ಟಾಕ್ಕ ಬಂದೆ. ಅಲ್ಲಿ ಅಮೆರಿಕಾದ ಕಟ್ಟಡಗಳ ಸ್ಪೆಸಿಫಿಕೇಷನ್ ಪುಸ್ತಕ ಬರತಿದ್ವು, ಒಂದೊಂದು ಸಾವಿರ ಪುಟ. ಗುತ್ತಿಗೆದಾರ ಯಾವ ಸ್ಯಾಂಪಲ್, ಯಾವ ನಕ್ಷೆ, ಯಾವ ಸರ್ಟಿಫಿಕೇಟ್ ಒಪ್ಪಿಗೆಗೆ ಕಳಸಬೇಕು ಅನ್ನೋದು ಅದರೊಳಗ ಅಲ್ಲಲ್ಲಿ ಹುದುಗಿರತದ. ಕೆಂಪು ಪೆನ್ಸಿಲ್ ಹಿಡದು ಓದಿ ಪಟ್ಟಿ ಮಾಡೋದು ನನ್ನ ಕೆಲಸ.

ಒಂದು ದಿನ ನಮ್ಮ ಮ್ಯಾನೇಜರ್, ಬೆಂಗಳೂರಿನಾಂವ, ಬಂದು, "ಸರ್, ಹೊಸ ಸಾಫ್ಟ್‌ವೇರ್ ಬಂದಿದೆ. ನಿಮ್ಗೆ ವಾರ ಬೇಕಾಗೋ ಲಿಸ್ಟ್‌ನ ಇದು ಫಿಫ್ಟೀನ್ ಮಿನಿಟ್ಸಲ್ಲಿ ಕೊಡುತ್ತೆ," ಅಂದ. ಒಂದು ಶಾಲಿ ಕಟ್ಟಡದ ಪುಸ್ತಕ ಇಬ್ಬರಿಗೂ ಕೊಡೋದು, ಯಾರ ಪಟ್ಟಿ ಗಿರಾಕಿಗೆ ಸೇರತದ ನೋಡೋದು ಅಂತಾತು. ಮಷೀನು ಗೆದ್ದರ ನಾನು ದೂರದ ಬಾರಾಮತಿಗೆ, ಸಕ್ಕರಿ ಫ್ಯಾಕ್ಟರಿ ಸೈಟಿಗೆ.

ಸೈಟಿನ ವರ್ಷದಾಗ ನಾನು ಮನೀಗೆ ವಾರಕ್ಕೊಮ್ಮೆ ಬರೂ ನೆಂಟ. ಈಗ ಮಗಳು ಹತ್ತನೇ ಕ್ಲಾಸು, ದಿನಾ ಸಂಜೀಕ ಆರಕ್ಕ ಆಫೀಸ್ ಬಿಟ್ಟು ಆಕಿ ಜೋಡಿ ಗಣಿತಕ್ಕ ಕೂಡತಿದ್ದೆ. ಅದು ತಪ್ಪೋದು ನನಗ ಬ್ಯಾಡಾಗಿತ್ತು. ಸಣ್ಣಾಕಿದ್ದಾಗ ಆಕಿ ಟೀಚರಿಗೆ, "ನಮ್ಮನ್ಯಾಗ ಅಪ್ಪ ಐತವಾರ ಅಷ್ಟ ಇರತಾರ್ರಿ," ಅಂದಿದ್ಲು. ಉಳಿದ ದಿನ ಯಾರಿರತಾರ ಅಂತ ಟೀಚರು ಕೇಳಲಿಲ್ಲ, ನನ್ನ ಪುಣ್ಯ.

೩. ನಿಂದ್ರಿಸಿಯೋ, ಮಲಗಿಸಿಯೋ?

ಮಷೀನು ಕಾಲು ತಾಸಿನ್ಯಾಗ ಏಳುನೂರು ಐಟಂ ಉಗುಳಿತು. ಅದರಾಗ ಒಂದು: "ಸ್ಯಾಂಪಲ್, ಇಟ್ಟಂಗಿ ಗೋಡಿ, ನಾಲ್ಕು ಫೂಟು ಉದ್ದ, ನಾಲ್ಕು ಫೂಟು ಎತ್ತರ." ಸೈಟಿನ್ಯಾಗ ಕಟ್ಟಿ ತೋರಿಸಬೇಕು ಅಂತ ಪುಸ್ತಕದ ಮುಂದಿನ ಸಾಲಿನ್ಯಾಗಿತ್ತು. ಮಷೀನು ಆ ಸಾಲು ಬಿಟ್ಟಿತ್ತು. ಮ್ಯಾನೇಜರ್ ಅಂತೂ ಜನ್ಮದಾಗ ಸೈಟ್ ಕಂಡಾಂವಲ್ಲ. ಯಾವ ಸ್ಯಾಂಪಲ್ ಎಷ್ಟು ದಿನಕ್ಕ ಮುಟ್ಟತದ ಅಂತ ಬರೀಬೇಕಿತ್ತಲ್ಲ, ಕೊರಿಯರ್‌ದಾಂವಗ ಫೋನ್ ಹಚ್ಚಿ, ಗೋಡಿ ಮುಟ್ಟಲಿಕ್ಕೆ ಎಷ್ಟು ದಿನ ಬೇಕು ಅಂತ ಕೇಳೇಬಿಟ್ಟ. ಆ ಕಡೆಯಿಂದ ಭಾಳ ಮರ್ಯಾದಿಯಿಂದ ಪ್ರಶ್ನೆ ಬಂತು: "ಸಾಹೇಬ್ರ, ಗೋಡಿ ನಿಂದ್ರಿಸಿ ಒಯ್ಯೂದೋ, ಮಲಗಿಸಿ ಒಯ್ಯೂದೋ?"

ನಾ ಹೊಟ್ಟಿ ಹಿಡಕೊಂಡು ನಕ್ಕೆ. ಆದ್ರ ಸಂಜೀಕ ಎರಡೂ ಪಟ್ಟಿ ಜೋಡಿಸಿ ನೋಡಿದಾಗ ನಗಿ ಇಳೀತು. ಬೆಂಕಿ ತಡಿಯೂ ಬಾಗಲದ ಸರ್ಟಿಫಿಕೇಟು ಮಷೀನಿನ ಪಟ್ಟಿಯೊಳಗಿತ್ತು, ನನ್ನದರಾಗ ಇಲ್ಲ. ಊಟದ ಹೊತ್ತಿನ್ಯಾಗ ಶೇಂಗಾ ಚಟ್ನಿ ಎಣ್ಣಿ ಹತ್ತಿ ಎರಡು ಪುಟ ಅಂಟಿಕೊಂಡಿದ್ವು. ಶಾಲಿ ಹುಡುಗರು ಓಡಿ ಹೊರಗ ಬರೂ ಬಾಗಲಾ ರೀ ಅದು! ಭಾಳ ನಾಚಿಕಿ ಆತು. ಮಷೀನಿಗೆ ಎಲ್ಲಾ ಪುಟಾನೂ ಒಂದ. ಯಾವ ಪುಟದಾಗ ಜೀವದ ಮಾತದ ಅನ್ನೋದು ನನಗ ತಿಳೀತದ, ಆದ್ರ ಆ ಪುಟಾನ ನಾ ತೆರದಿರಲಿಲ್ಲ.

ಮ್ಯಾನೇಜರಿಗೆ ಇದ್ದದ್ದು ಹೇಳಿ, ಬಾಗಲಾ ನನ್ನ ಪಟ್ಟಿಗೂ ಸೇರಿಸಿದೆ.

"ಚೀಟಿಂಗ್ ಅಲ್ವಾ ಸರ್?"

"ಬಾಗಲಾ ಬಿಟ್ಟು ಗೆಲ್ಲೋದು ಚೀಟಿಂಗು. ನೀವು ಬೇಕಾದ್ರ ನನ್ನ ಪಟ್ಟಿಯಿಂದ ಗೋಡಿ ಸಾಲು ತಗೋರಿ."

೪. ಯಾವ ವರ್ಷನ್?

ಒಂದು, ಎರಡು ಅಂತ ನಂಬರ್ ಹಾಕಿ, ಎರಡರಾಗ ಯಾವುದೋ ಒಂದು ಹೊಸ ಸಾಫ್ಟ್‌ವೇರ್ ಮಾಡಿದ್ದು ಅಂತಷ್ಟ ತಿಳಿಸಿ, ಹೆಸರಿಲ್ಲದ ಎರಡೂ ಪಟ್ಟಿ ಗಿರಾಕಿಗೆ ಹೋದ್ವು. ಮೂರು ದಿನ ಊಟ ಸೇರಲಿಲ್ಲ. ನಮ್ಮಾಕಿ ನನ್ನ ಅರಿವಿ ಮಡಿಚಿ ಬ್ಯಾಗಿಗೆ ಹಾಕಲಿಕ್ಕೆ ಹತ್ತಿದ್ಲು. ನಾಲ್ಕನೇ ದಿನ ಉತ್ತರ ಬಂತು. ಮ್ಯಾನೇಜರ್ ಓದಿ ಅರ್ಥ ಹೇಳಿದ:

"ಮೊದಲನೇ ಪಟ್ಟಿ ಯಾರೋ ಮನುಷ್ಯ ಗಾಬರಿಯಲ್ಲಿ ಮಾಡಿದ ಹಾಗಿದೆ, ಕಂಡಿದ್ದೆಲ್ಲ ಬರ್ದಿದ್ದಾನೆ. ಎರಡನೇದು ಸೂಪರ್. ಎರಡೆರಡು ಸಲ ಬಂದಿದ್ದನ್ನ ತೆಗೆದಿದೆ, ಎರಡು ಪುಟ ಒಂದಕ್ಕೊಂದು ಹೊಂದಲ್ಲ ಅಂತ ಟಿಪ್ಪಣಿನೂ ಹಾಕಿದೆ. ನಿಮ್ಮ ಹೊಸ ಸಾಫ್ಟ್‌ವೇರ್ ತುಂಬಾ ಚೆನ್ನಾಗಿದೆ, ಇನ್ಮೇಲೆ ಇದನ್ನೇ ಬಳಸಿ. ಇದು ಯಾವ ವರ್ಷನ್?"

ಎರಡನೇದು ನಂದು!

ಮ್ಯಾನೇಜರ್, "ಬಾರಾಮತಿ ಕ್ಯಾನ್ಸಲ್ ಸರ್. ಮಷೀನ್ ಹುಡುಕ್ಲಿ, ನೀವು ನೋಡಿ," ಅಂದ. ನನ್ನ ಕಣ್ಣು ತುಂಬಿದ್ವು, ಸುಳ್ಳ್ಯಾಕ ಹೇಳಲಿ.

"ಆದ್ರೆ ಇವ್ರಿಗೆ ಏನಂತ ಬರೀಲಿ? ಸರ್, ನಿಮ್ಗೆ ವಯಸ್ಸೆಷ್ಟು?"

"ನಲವತ್ತೆಂಟು."

ಟಕಟಕ ಟೈಪ್ ಮಾಡಿ ಕಳಿಸೇಬಿಟ್ಟ: "ವರ್ಷನ್ ಫಾರ್ಟಿ ಎಯ್ಟ್. ದಿನಾ ಸಂಜೆ ಆರಕ್ಕೆ ತಾನಾಗೇ ಬಂದ್ ಆಗುತ್ತೆ."