ಹೆಸರುಗಳನ್ನೆಲ್ಲ ಮುಗಿಸಿಟ್ಟ ಕಿಮ್ ಮಹನೀಯರಿಗೆ

ಮಾನ್ಯರೇ,

ದಂಡನಾಯಕರೂ ಕವಿಗಳೂ ಚೆಂಡಾಟದವರೂ ಚಿತ್ರತಾರೆಯರೂ ಆಗಿ ಕಿಮ್ ಎಂಬ ಮನೆತನದ ಹೆಸರನ್ನು ಕೊರಿಯಾದ ಮೂಲೆಮೂಲೆಗೂ ಹಬ್ಬಿಸಿರುವ ತಮ್ಮೆಲ್ಲರಿಗೆ, ಹೆತ್ತಂದಿನಿಂದ ನಿದ್ದೆ ಕಾಣದೆ, ಹೊತ್ತುಹೊತ್ತಿಗೂ ಕಡಲಪಾಚಿಯ ಸಾರು ಕುಡಿದು ಅರ್ಧ ಮೀನಾಗಿರುವ ಬಾಣಂತಿಯೊಬ್ಬಳು ಹಣೆ ನೆಲಕ್ಕೆ ಮುಟ್ಟಿಸಿ ಮಾಡುವ ನಮಸ್ಕಾರಗಳು.

ದೂರು ಸಣ್ಣದು. ತಾವೆಲ್ಲ ಹೆಸರು ಮಾಡುವ ಭರದಲ್ಲಿ ನನ್ನ ಮಗಳಿಗೊಂದು ಹೆಸರನ್ನೂ ಉಳಿಸಿಲ್ಲ.

ನಮ್ಮಲ್ಲಿ ಹೆಸರೆಂದರೆ ಮೂರಕ್ಷರ. ಮೊದಲನೆಯದು ಗಂಡನ ಮನೆತನದ 'ಕಿಮ್'. ಎರಡನೆಯದು ಈ ತಲೆಮಾರಿನ ಮಕ್ಕಳಿಗೆಲ್ಲ ವಂಶದ ಹಿರಿಯರು ಎಂದೋ ಗೊತ್ತುಮಾಡಿಟ್ಟ 'ಹೆ'. ಹೊತ್ತು ಹೆತ್ತವಳ ಪಾಲಿಗೆ ಉಳಿದದ್ದು ಕೊನೆಯದೊಂದೇ. ಅದಕ್ಕೂ ತಾವು ಅಡ್ಡ. ನಾನೊಂದು ಹೆಸರೆತ್ತಿದರೆ ಮಾವನವರು, "ಬೇಡಮ್ಮ, ಆ ಹೆಸರಿನ ಮಂತ್ರಿ ಲಂಚ ತಿಂದು ಒಳಗೆ ಹೋದ" ಎನ್ನುತ್ತಾರೆ. ಇನ್ನೊಂದೆತ್ತಿದರೆ ಗಂಡ ಮೊಬೈಲಿನಲ್ಲಿ ಹುಡುಕಿ, "ಗಾಯಕಿ ಒಬ್ಳು, ಬಿಲ್ಲುಗಾರ್ತಿ ಇಬ್ರು, ದಂತವೈದ್ಯರಂತೂ ಲೆಕ್ಕಾನೇ ಇಲ್ಲ. ಯಾರ ಹೆಸರು ಬೇಕು ನಿಂಗೆ?" ಎಂದು ಹಲ್ಲು ಕಿರಿಯುತ್ತಾನೆ.

ನಗಬೇಡಿ. ಮೊನ್ನೆ ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮ "ಕಿಮ್ ಮಗು ಬನ್ನಿ" ಎಂದದ್ದೇ ತಡ, ಅರ್ಧ ಕೋಣೆ ಎದ್ದು ನಿಂತಿತು. ನಾನು ನನ್ನ ಕೊಂಗಿಯನ್ನು, ಕೊಂಗ್ ಎಂದರೆ ಕಾಳು, ಹೊಟ್ಟೆಯಲ್ಲಿದ್ದಾಗ ಅಷ್ಟೇ ಇದ್ದಳೆಂದು ಇನ್ನೂ ಹಾಗೇ ಕರೆಯುತ್ತೇನೆ, ಎದೆಗೆ ಅವುಚಿಕೊಂಡು ಕೂತೇ ಇದ್ದೆ. ಈ ಗುಂಪಿನಲ್ಲಿ ಇವಳೆಲ್ಲಿ ಕಲಸಿಹೋಗುತ್ತಾಳೋ ಎಂಬ ಭಯ. ಇವಳ ಜೊತೆ ನಾನೂ ಕಳೆದುಹೋಗುತ್ತೇನೆ. ಏಕೆಂದರೆ ಇನ್ನು ನನ್ನನ್ನು ಯಾರೂ ಬೊರಾಮ್ ಎಂದು ಕರೆಯುವುದಿಲ್ಲ, 'ಇಂಥವಳ ಅಮ್ಮ' ಎಂದೇ ಕರೆಯುತ್ತಾರೆ.

ಆದ್ದರಿಂದ ತಮ್ಮಲ್ಲಿ ಬದುಕಿರುವವರು ದಯಮಾಡಿ ಸ್ವಲ್ಪ ಕಡಿಮೆ ಪ್ರಸಿದ್ಧರಾಗಬೇಕೆಂದೂ, ತೀರಿಕೊಂಡವರು ತಮ್ಮ ಹೆಸರನ್ನು ಒಗೆದು ಒಣಗಿಸಿ ಹಿಂದಿರುಗಿಸಬೇಕೆಂದೂ ಕೋರಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನೆ ಊಟದ ಹೊತ್ತಿಗೆ, ರೋಸಿಹೋಗಿ, ಕೊನೆಯ ಅಕ್ಷರಕ್ಕೆ ನನ್ನ ತವರು ಮನೆತನದ ಹೆಸರಾದ 'ಸೊಲ್' ಅನ್ನೇ ಇಡೋಣವೆಂದೆ.

ಮಾವನವರು ಸಾರು ನೆತ್ತಿಗೇರುವಂತೆ ನಕ್ಕರು. "ಹೆಸೊಲ್ ಅಂದ್ರೆ ಟಿಪ್ಪಣಿ ಅಲ್ವೇನಮ್ಮ! ನನ್ನ ಮೊಮ್ಮಗಳೇನು ಪುಸ್ತಕದ ಹಿಂದೆ ಅಂಟಿಸೋ ಟಿಪ್ಪಣೀನಾ?"

ಗಂಡ ಮೊಬೈಲಿನಿಂದ ತಲೆಯೆತ್ತಿದ. "ಅಪ್ಪಾ, ಈ ಹೆಸರಿನ ಕಿಮ್ ಒಬ್ರೂ ಇಲ್ಲ."

"ಒಬ್ರೂ?"

"ಕಳ್ಳನೂ ಇಲ್ಲ, ಕವೀನೂ ಇಲ್ಲ."

ಮಾವನವರು ಬಹಳ ಹೊತ್ತು ಚಮಚ ಆಡಿಸಿದರು. ಆಮೇಲೆ ತೊಟ್ಟಿಲ ಮೇಲೆ ಬಾಗಿ, "ಏನೇ ಟಿಪ್ಪಣಿ, ಹಸಿವಾಯ್ತಾ?" ಎಂದರು.

ಹೀಗಾಗಿ ಕೋರಿಕೆಯನ್ನು ಹಿಂಪಡೆದಿದ್ದೇನೆ. ತಾವು ನಿಶ್ಚಿಂತೆಯಿಂದ ಪ್ರಸಿದ್ಧರಾಗಿರಿ. ತಮ್ಮ ಬಗ್ಗೆ ಟಿಪ್ಪಣಿ ಮಾಡಲು ನಮ್ಮ ಮನೆಯಲ್ಲೊಬ್ಬಳು ಹುಟ್ಟಿದ್ದಾಳೆ, ಗಂಟಲೂ ಚೆನ್ನಾಗಿದೆ.

ತಮ್ಮ ವಿಶ್ವಾಸಿ,
ಸೊಲ್ ಬೊರಾಮ್
(ಇಂದಿನಿಂದ ಹೆಸೊಲ್ ಅಮ್ಮ)
ದೇಗು

ಮರೆತ ಮಾತು: ಇಂದು ಬೆಳಿಗ್ಗೆ ಹೆಸರು ಬರೆದುಕೊಂಡ ಕಚೇರಿಯ ಗುಮಾಸ್ತರೂ ಕಿಮ್ಮೇ. "ಎಷ್ಟು ಚೆನ್ನಾಗಿದೆಯಮ್ಮ! ನಮ್ಮನೇಲೂ ಮುಂದಿನ ತಿಂಗಳು ಹೆರಿಗೆ" ಎಂದರು. ತಮ್ಮವರಲ್ಲವೇ, ತಾವೇ ಸ್ವಲ್ಪ ಬುದ್ಧಿ ಹೇಳಿ.