ಮಾವನ ಅರವತ್ತಕ್ಕೆ ಬರೆದ ಭಾಷಣ

ಮೂಡಿಗೆರೆಯಿಂದ ಕಳಸದವರೆಗೆ ಅರವತ್ತು ತುಂಬಿದ ಗಂಡಸರೆಲ್ಲ ಒಂದೇ ಸ್ವಭಾವದವರು ಎಂದರೆ ನೀವು ನಂಬಲೇಬೇಕು. ಎಲ್ಲರೂ ಬಾಲ್ಯದಲ್ಲಿ ಕಷ್ಟಪಟ್ಟವರು, ಎಲ್ಲರೂ ಆಳುಗಳನ್ನು ಮಕ್ಕಳಂತೆ ಕಂಡವರು, ಎಲ್ಲರೂ ಸಿಟ್ಟು ಎಂದರೇನೆಂದು ಅರಿಯದವರು! ಇದು ಹೇಗೆ ಸಾಧ್ಯ? ಸಾಧ್ಯ. ಆ ಎಲ್ಲರ ಷಷ್ಟ್ಯಬ್ದಿಯಲ್ಲೂ ಭಾಷಣ ಮಾಡಿದವರು ನನ್ನ ಮಾವ.

ಮಾವ ಎಂದರೆ ನನ್ನ ತಾಯಿಗೆ ದೂರದ ಸಂಬಂಧದಲ್ಲಿ ಅಣ್ಣ. ಕಳಸದ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಬೆಳಗಾಗುತ್ತಲೇ ಆಳುಗಳ ಹಾಜರಿ ಕೂಗುವುದು ಅವರ ಕೆಲಸ. ಇಡೀ ಪ್ರಾಯ ಹಾಜರಿ ಕೂಗಿ ಕೂಗಿ ಗಂಟಲು ಎದುರಿನ ಗುಡ್ಡಕ್ಕೆ ಮುಟ್ಟುವಂತೆ ಪಳಗಿತ್ತು. ಭಾಷಣವೂ ಅದೇ ಗಂಟಲಿನಲ್ಲಿ. ಒಮ್ಮೆ ಸಾಹುಕಾರರೊಬ್ಬರ ಹೆಸರನ್ನು ಅವರು ವೇದಿಕೆಯಿಂದ ಎತ್ತಿ ಹೇಳಿದಾಗ, ಅದೇ ಹೆಸರಿನ ಆಳೊಬ್ಬ ಹಿಂದಿನ ಸಾಲಿನಲ್ಲಿ ಎದ್ದು ನಿಂತು "ಬಂದಿದೀನಿ ರೈಟ್ರೇ" ಎಂದನಂತೆ.

ಅವರ ಬಳಿ ಇದ್ದದ್ದು ಒಂದೇ ಭಾಷಣ. ಹೆಸರು ಮಾತ್ರ ಬದಲಾಗುತ್ತಿತ್ತು. ಒಂದು ಸಲ ತೀರಿಕೊಂಡವರ ಸಮಾರಾಧನೆಯಲ್ಲಿ ನಾಲ್ಕು ಮಾತಾಡಿ ಎಂದು ಎಬ್ಬಿಸಿದರು. ಮಾವ ಎದ್ದರು, ಅಭ್ಯಾಸಬಲದಿಂದ ಅದನ್ನೇ ಒಪ್ಪಿಸಿದರು, "ಇವರು ನೂರು ವರ್ಷ ಬಾಳಲಿ" ಎಂದು ಮುಗಿಸಿದರು. ಊಟದ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಆಸ್ತಿಗೆ ಬಂದಿದ್ದ ದತ್ತುಮಗನೊಬ್ಬ ಮಾತ್ರ ಬೆಚ್ಚಿಬಿದ್ದನಂತೆ!

ಆ ಭಾಷಣದ ಕೊನೆಯಲ್ಲಿ ಒಂದು ಮಾತಿತ್ತು. "ಇವರ ಮನೆಗೆ ಯಾವ ಹೊತ್ತಿಗೆ ಹೋದರೂ ಒಲೆ ಆರಿರುವುದಿಲ್ಲ." ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಈ ಮಾತಿಗೆ. ಬಂದವರಿಗೆ ನೀರು ಕೊಡುವ ಮೊದಲು ಹೊರಡುವ ಹೊತ್ತು ವಿಚಾರಿಸುವ ಜಮೀನುದಾರರೊಬ್ಬರಿಗೂ ಮಾವ ಇದೇ ಮಾತನ್ನು ದಯಪಾಲಿಸಿದ್ದರು. ಅವರೇನೋ ಕಣ್ಣರಳಿಸಿ ತಲೆದೂಗಿದರು. ಅವರ ಹೆಂಡತಿ ಪಕ್ಕದವರನ್ನು, "ಇದು ಯಾರ ಮನೆ ವಿಷಯ?" ಎಂದು ಕೇಳಿದರಂತೆ.

ಹೀಗಿರುವಾಗ ಮಾವನಿಗೇ ಅರವತ್ತು ತುಂಬಿತು.

ಶಾಂತಿ ಮಾಡಿಸೋಣವೆಂದು ಪುರೋಹಿತರನ್ನು ಕೇಳಿದರು. ಅರವತ್ತಕ್ಕೆ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುವುದು ಪದ್ಧತಿ. ಮಾವ ಮದುವೆಯೇ ಆಗಿರಲಿಲ್ಲ. ಪುರೋಹಿತರು ಬಹಳ ಹೊತ್ತು ಯೋಚಿಸಿ, "ಎರಡನೇ ಸಲದ್ದು ನಾನು ಮಾಡಿಸ್ತೀನಿ ಮಾರಾಯ್ರೇ, ಮೊದಲನೇದೇ ಇಲ್ಲದಿದ್ರೆ ಏನು ಮಾಡ್ಲಿ?" ಎಂದರು. ಶಾಂತಿ ಬೇಡ, ಭಾಷಣ ಸಾಕು ಎಂದು ಮಾವ ತೀರ್ಮಾನಿಸಿದರು. ಎಸ್ಟೇಟಿನ ಧಣಿಗಳು ಕಾಫಿ ಗೋದಾಮನ್ನು ಒಂದು ಸಂಜೆಗೆ ಬಿಟ್ಟುಕೊಟ್ಟರು. ಆದರೆ ಭಾಷಣ ಮಾಡುವವರು ಯಾರು? ನಮ್ಮ ಸೀಮೆಯಲ್ಲಿ ಇದ್ದ ಭಾಷಣಕಾರರು ಅವರೊಬ್ಬರೇ!

ಆಗ ನಾನು ಚಿಕ್ಕಮಗಳೂರಿನಲ್ಲಿದ್ದು ಮೈಸೂರಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಮಾವ ನನ್ನ ಕೋಣೆಗೆ ಬಂದು ಕೂತು, ನೀನೇ ಬರೆದು ನೀನೇ ಓದಬೇಕು ಎಂದರು. ಒಪ್ಪಿದೆ. ಹುಟ್ಟೂರು, ಓದು, ಎಸ್ಟೇಟಿಗೆ ಬಂದ ಬಗೆ ಕೇಳಿದೆ. ಅದೆಲ್ಲ ಯಾಕೆ, ಇಷ್ಟು ಭಾಷಣ ಮಾಡಿದ ತಾವು ಯಾರನ್ನಾದರೂ ಕೇಳಿದ್ದುಂಟೆ ಎಂದು ಗದರಿಕೊಂಡರು. ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು.

"ಏನು ಬೇಕಾದ್ರೂ ಬರಿ. ಒಲೆ ಮಾತು ಮಾತ್ರ ಬಿಡಬೇಡ ಮಾರಾಯ."

ಪತ್ರಿಕೆಯಲ್ಲಿ ನನಗೆ ಕಲಿಸಿದ್ದ ನಿಯಮ ಒಂದೇ. ಇಬ್ಬರು ಕಣ್ಣಾರೆ ಕಂಡದ್ದನ್ನು ಬರೆ, ಉಳಿದದ್ದನ್ನು ಬಿಡು. ನಾನು ವಿಚಾರಣೆಗೆ ಹೊರಟೆ. ಮಾವ ಹುಟ್ಟಿದ್ದು ಸಂಸೆಯಲ್ಲಿ ಎಂದು ಕೆಲವರು, ಹೊರನಾಡಿನಲ್ಲಿ ಎಂದು ಕೆಲವರು. ಅವರಿಗೆ ಯಾವ ಅಡುಗೆ ಇಷ್ಟ? ಅವರನ್ನು ಹತ್ತಾರು ಸಲ ಊಟಕ್ಕೆ ಕೂರಿಸಿದವರು ಮುಖ ಮುಖ ನೋಡಿಕೊಂಡು, ಬಡಿಸಿದ್ದೆಲ್ಲ ತಿನ್ನುತ್ತಾರೆ ಎಂದರು. ಅವರ ಮನೆಗೆ ಹೋಗಿದ್ದೀರಾ ಎಂದು ಒಬ್ಬ ಸಾಹುಕಾರರನ್ನು ಕೇಳಿದೆ. ಅವರು ನನ್ನನ್ನೇ ಕೇಳಿದರು: "ಅವ್ರಿಗೆ ಮನೆ ಇದೆಯಾ?"

ಇತ್ತು. ಆಳುಗಳ ಮನೆಸಾಲು, ಅಂದರೆ ಕೂಲಿ ಲೈನು, ಅದರ ಮೇಲುಗಡೆ ರೈಟರ ಕ್ವಾರ್ಟರ್ಸ್. ಭಾಷಣಕ್ಕೆ ಇನ್ನೂ ಕೆಲವು ದಿನ ಇರುವಾಗ ಅಲ್ಲಿಗೆ ಹೋದೆ. ಮಾವ ಕಾಫಿ ಒಣಗಿಸುವ ಕಣದಲ್ಲಿದ್ದರು. ಬಾಗಿಲಿಗೆ ಬೀಗವಿರಲಿಲ್ಲ. ಒಂದು ಮಂಚ, ಗೂಟಕ್ಕೆ ನೇತುಹಾಕಿದ್ದ ಕರಿ ಕೋಟು, ತೊಳೆದು ಬೋರಲು ಹಾಕಿದ್ದ ಒಂದು ತಟ್ಟೆ. ಮೂಲೆಯಲ್ಲಿ ಒಲೆ. ಬಗ್ಗಿ ನೋಡಿದೆ. ಒಲೆಯೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು.

ಅದು ಲೈನಿನಲ್ಲಿದ್ದ ಆಳುಗಳ ಮೇಸ್ತ್ರಿಯ ತಾಯಿಯ ಕೋಳಿ. ಮಾವನಿಗೆ ದಿನವೂ ಎರಡು ಹೊತ್ತು ಬುತ್ತಿ ಬರುತ್ತಿದ್ದದ್ದೂ ಆಕೆಯ ಮನೆಯಿಂದಲೇ. ಈ ಕೋಳಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಆಕೆಯನ್ನೇ ಕೇಳಿದೆ. ಅಜ್ಜಿ ನಕ್ಕರು.

"ಅಲ್ಲಿ ಯಾರೂ ಬೆಂಕಿ ಹಾಕಲ್ಲ ಅಂತ ಅದಕ್ಕೂ ಗೊತ್ತು."

ಹಾಗಾಗಿ ಒಲೆಯ ಮಾತು ನನ್ನ ಭಾಷಣಕ್ಕೆ ಬರಲಿಲ್ಲ.

ಆ ಸಂಜೆ ಗೋದಾಮು ತುಂಬಿತ್ತು. ಮಾವನ ಬಾಯಿಂದ ನೂರು ವರ್ಷದ ಆಯುಷ್ಯ ಪಡೆದವರೆಲ್ಲ ಬಂದಿದ್ದರು. ಮಾವ ಹಾರ ಹಾಕಿಕೊಂಡು, ಕರಿ ಕೋಟಿನ ಗುಂಡಿಗಳನ್ನೆಲ್ಲ ಬಿಗಿದು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಸಂಗ್ರಹಿಸಿದ್ದ ಸಂಗತಿಗಳನ್ನು ಓದಿದೆ. ಇವರು ಹಾಜರಿ ತಪ್ಪಿಸಿದ್ದಿಲ್ಲ. ಜ್ವರದಲ್ಲೂ ಕಂಬಳಿ ಹೊದ್ದು ಬಂದು ಹೆಸರು ಕೂಗಿದ್ದಾರೆ. ಯಾವ ಆಳಿನ ಹೆಸರನ್ನೂ ತಪ್ಪಾಗಿ ಕರೆದಿಲ್ಲ. ಎಲ್ಲಕ್ಕೂ ಇಬ್ಬರಿಬ್ಬರು ಸಾಕ್ಷಿಗಳಿದ್ದರು. ಜನ ಸೌಜನ್ಯದಿಂದ ಕೇಳಿದರು, ಚಪ್ಪಾಳೆಗೆ ಕೈ ಸಿದ್ಧಮಾಡಿಕೊಂಡು ಕಾದರು. ನಾನು ನಮಸ್ಕಾರ ಹೇಳಿ ಕಾಗದ ಮಡಚಿದೆ. ಯಾರೂ ಅಲುಗಲಿಲ್ಲ.

"ಒಲೆ ಬರ್ಲೇ ಇಲ್ವಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ಮಾವ ಎದ್ದು ನಿಂತರು. ಅವರು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹುಡುಗ ಪೇಪರಿನವನು. ನೋಡದೇ ಇದ್ದದ್ದನ್ನ ಬರಿಯಲ್ಲ."

ಎಲ್ಲರೂ ನಕ್ಕರು. ಮಾವನೂ ನಕ್ಕರು. ಹಾಗೆ ನಗುನಗುತ್ತಲೇ ಗೋದಾಮಿನ ಬಾಗಿಲಲ್ಲಿ ನಿಂತು, ಹೊರಟವರನ್ನೆಲ್ಲ ನಾಳೆ ಬೆಳಿಗ್ಗೆ ನಮ್ಮಲ್ಲಿಗೆ ಕಾಫಿಗೆ ಬನ್ನಿ ಎಂದು ಕರೆದರು. ಎಲ್ಲರೂ ಆಗಲಿ ಎಂದರು. ಆಗಲಿ ಎಂದು ಹೇಳಿ ಗಾಡಿ ಹತ್ತುವುದು ನಮ್ಮ ಕಡೆಯ ಮರ್ಯಾದೆ. ಕತ್ತಲಾಗುವ ಮುನ್ನ ಎಲ್ಲರೂ ಅವರವರ ದಾರಿ ಹಿಡಿದರು. ನಾನು ಧಣಿಗಳ ಬಂಗಲೆಯಲ್ಲಿ ಉಳಿದೆ.

ಯುದ್ಧದ ಕಾಲ ಅದು, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ದಿನಕ್ಕೊಂದೇ. ಅದು ಬರುವ ಮೊದಲು ಹೇಳಿಹೋಗೋಣವೆಂದು ಬೆಳಿಗ್ಗೆ ಕ್ವಾರ್ಟರ್ಸಿಗೆ ಹತ್ತಿದೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಾಕಿತ್ತು. ಮಾವ ನಿನ್ನೆಯ ಕೋಟಿನಲ್ಲೇ ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದರು. ತೋಳಿಗೆಲ್ಲ ಬೂದಿ. ಒಳಗಿನ ಒಲೆ ಏನಾಯಿತು ಎಂದು ಕೇಳಿದೆ.

"ಕೋಳಿ ಕೂತಿದೆಯಲ್ಲ. ಈಗ ಎಬ್ಬಿಸಿದ್ರೆ ಮೊಟ್ಟೆ ಹಾಳು."

ಜಗಲಿಯ ಉದ್ದಕ್ಕೂ ಲೋಟಗಳಿದ್ದವು. ಲೈನಿನ ಮನೆಮನೆಯಿಂದ ಕೇಳಿ ತಂದವು, ಹಿತ್ತಾಳೆಯವು, ಕಂಚಿನವು, ಒಂದೆರಡು ಕಂಠ ನುಗ್ಗಾದವು. ಎಲ್ಲ ತೊಳೆದಿದ್ದವು. ಎಲ್ಲ ಖಾಲಿ. ಮಾವ ಒಂದನ್ನು ತುಂಬಿ ನನ್ನ ಕೈಗೆ ಕೊಟ್ಟರು. ಬೆಲ್ಲದ ಕಾಫಿ, ಸ್ವಲ್ಪ ಹೊಗೆ ಹಿಡಿದಿತ್ತು. ದಾರಿಯ ಕಡೆ ಒಮ್ಮೆ ನೋಡಿ, ಕೇಳಿದರು:

"ಈಗ ನೋಡಿದ್ಯಲ್ಲ. ಬರೀಬಹುದಾ?"

ಕೆಳಗೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು.

"ಒಬ್ಬ ನೋಡಿದ್ರೆ ಸಾಲದು ಮಾವ. ಇನ್ನೊಬ್ಬರು ನೋಡ್ಬೇಕು."

"ಬಸ್ಸು ಹೋಗುತ್ತೆ."

"ಹೋಗ್ಲಿ. ಯಾರಾದ್ರೂ ಬರ್ತಾರೆ, ಕಾಯೋಣ."

ನಾನು ಜಗಲಿಯ ಮೇಲೆ, ಲೋಟಗಳ ಸಾಲಿನ ಪಕ್ಕ ಕೂತೆ. ಮಾವ ಒಲೆ ಆರದಂತೆ ಇನ್ನೊಂದು ಕಟ್ಟಿಗೆಯನ್ನು ಒಳಕ್ಕೆ ನೂಕಿದರು.